ಒಂದು ಬೇಸಿಗೆ, ಮೂರು ಹುಚ್ಚು

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿಟ್ಟರೆ ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ನಡುವೆ ಸಿಗುವುದು ಹೆಚ್ಚುಕಡಿಮೆ ಏಳು ವಾರ. ರಜೆ ಮಕ್ಕಳದಾದರೂ ಹುರುಪು ಮನೆಮಂದಿಗೆಲ್ಲ ಹತ್ತಿಕೊಳ್ಳುತ್ತದೆ. ಮೆಟ್ಟಿಲ ಕೆಳಗೆ ಧೂಳು ಹಿಡಿದ ಸೈಕಲ್ ಹೊರಗೆ ತೆಗೆಯಬೇಕು, ಎಂದೋ ಅರ್ಧಕ್ಕೆ ನಿಂತ ಸಂಗೀತ ಮತ್ತೆ ಹಿಡಿಯಬೇಕು, ಬೀರುವಿನ ತಳದಲ್ಲಿರುವ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಹಾಕಬೇಕು. ಅಗಸ ಹೊಸದರಲ್ಲಿ ಎತ್ತೆತ್ತಿ ಒಗೆದ ಎನ್ನುವ ಹಾಗೆ ಮೊದಲ ವಾರ ಮೂರೂ ಭರ್ಜರಿಯಾಗಿ ನಡೆಯುತ್ತವೆ. ಮೂರನೇ ವಾರದ ಹೊತ್ತಿಗೆ ಸೈಕಲ್ ಹ್ಯಾಂಡಲ್ ಮೇಲೆ ಟವೆಲ್ ಒಣಗುತ್ತಿರುತ್ತದೆ.

ಹುಚ್ಚು ಮೂರಾದದ್ದು ತಪ್ಪಲ್ಲ. ಮೂರಕ್ಕೂ 'ಸಂಜೆ ಬಿಡುವಾದಾಗ' ಎಂದು ಒಂದೇ ಹೊತ್ತು ಗೊತ್ತುಮಾಡಿಕೊಳ್ಳುವುದು ತಪ್ಪು. ನಮ್ಮ ಬೇಸಿಗೆ ದಿನವನ್ನು ತಾನೇ ಮೂರು ಪಾಲು ಮಾಡಿ ಕೊಡುತ್ತದೆ: ತಂಪಾದ ಬೆಳಗು, ಹೊರಗೆ ಕಾಲಿಡಲಾಗದ ಮಧ್ಯಾಹ್ನ, ಗಾಳಿಯಾಡುವ ಸಂಜೆ. ಬೆಳಗನ್ನು ಸೈಕಲ್ಲಿಗೆ, ಮಧ್ಯಾಹ್ನವನ್ನು ಯಂತ್ರಗಳಿಗೆ, ಸಂಜೆಯನ್ನು ಸಂಗೀತಕ್ಕೆ ಬಿಟ್ಟುಕೊಟ್ಟರೆ ಒಂದರ ಹೊತ್ತನ್ನು ಇನ್ನೊಂದು ಕದಿಯುವುದಿಲ್ಲ. ಸ್ವಲ್ಪ ಯೋಚಿಸಿ ಹೊಂದಿಸಿದರೆ ಒಂದು ಇನ್ನೊಂದಕ್ಕೆ ಕೆಲಸವನ್ನೂ ಒದಗಿಸುತ್ತದೆ.

ಮೊದಲು ಹೊತ್ತು, ಆಮೇಲೆ ಸಾಮಾನು

ಬೆಂಗಳೂರು, ಮೈಸೂರು ಕಡೆಯವರು ಬೆಳಿಗ್ಗೆ ಆರಕ್ಕೆ ಹೊರಟು ಎಂಟರೊಳಗೆ ಮನೆ ಸೇರಿದರೆ ಬಿಸಿಲಿನ ಭಯವಿಲ್ಲ. ಬಿಸಿಲು 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಲ್ಲಿ ಏಳೂವರೆಗೇ ಸೈಕಲ್ ಒಳಗಿಡಬೇಕು. ಕರಾವಳಿಯಲ್ಲಿ ಅಷ್ಟು ಬಿಸಿಲಿಲ್ಲದಿದ್ದರೂ ಗಾಳಿಯ ತೇವದಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹಾಗಾಗಿ ಅಲ್ಲಿ ದೂರ ಕಡಿಮೆ ಮಾಡಿ, ನೀರು ಹೆಚ್ಚು ಮಾಡಿ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಸಾಮಾನ್ಯವಾಗಿ ಬರುವುದು ಮಧ್ಯಾಹ್ನ ಕಳೆದ ಮೇಲೆ. ಸೈಕಲ್ಲಿಗೆ ಸಂಜೆಗಿಂತ ಬೆಳಗು ಮೇಲು ಎನ್ನಲು ಇದೂ ಒಂದು ಕಾರಣ. ಗುಡುಗು ಕೇಳಿಸಿದರೆ ಮರದ ಕೆಳಗೆ ನಿಲ್ಲದೆ ಕಟ್ಟಡದೊಳಗೆ ಸೇರಿಕೊಳ್ಳಿ. ಮನೆಯಲ್ಲಿ ಕ್ಯಾಸೆಟ್ ಡೆಕ್ಕು, ಕಂಪ್ಯೂಟರ್ ಓಡುತ್ತಿದ್ದರೆ ಪ್ಲಗ್ ಕಿತ್ತಿಡಿ.

ಹೊತ್ತು ಗೊತ್ತಾದ ಮೇಲೆ ಒಂದೊಂದಕ್ಕೂ ಒಂದೊಂದು ಗುರಿ ಇಟ್ಟುಕೊಳ್ಳಿ. 'ಸೈಕಲ್ ಹೊಡೆಯಬೇಕು' ಎಂಬುದು ಗುರಿಯಲ್ಲ. 'ಮೇ ಕೊನೆಗೆ ರಂಗನತಿಟ್ಟಿಗೆ ಹೋಗಿ ಬರಬೇಕು' ಎಂಬುದು ಗುರಿ. ಹಾಗೆಯೇ ಒಂದು ಗೀತೆ ಪೂರ್ತಿ ಹಾಡುವುದು, ಹತ್ತು ಕ್ಯಾಸೆಟ್ಟು ಮುಗಿಸುವುದು. ಏಳು ವಾರಕ್ಕೆ ಇಷ್ಟು ಸಾಕು.

ಬೆಳಗು: ಇರುವ ಸೈಕಲ್ಲನ್ನೇ ಎಬ್ಬಿಸಿ

ಹೊಸ ಸೈಕಲ್ ಕೊಳ್ಳುವ ಮುಂಚೆ ಮನೆಯಲ್ಲಿ, ಅಜ್ಜಿಮನೆಯಲ್ಲಿ, ಅಕ್ಕಪಕ್ಕದಲ್ಲಿ ಕಣ್ಣಾಡಿಸಿ. ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ರಾಜ್ಯ ಸರ್ಕಾರ 2006–07ರಲ್ಲಿ ಶುರುಮಾಡಿತು. ಆ ಸೈಕಲ್ಲುಗಳು ಎಷ್ಟೋ ಮನೆಗಳ ಹಿತ್ತಿಲಲ್ಲಿ ಈಗಲೂ ಗೋಡೆಗೊರಗಿ ನಿಂತಿವೆ. ಫ್ರೇಮ್ ಬಿರುಕು ಬಿಡದೆ, ರಿಮ್ ಸೊಟ್ಟಗಾಗದೆ ಇದ್ದರೆ ಉಳಿದದ್ದನ್ನೆಲ್ಲ ಸರಿಮಾಡಬಹುದು.

ಪರೀಕ್ಷೆಯನ್ನು ಟಯರಿನಿಂದ ಶುರುಮಾಡಿ. ಬದಿಯ ರಬ್ಬರ್ ಹಿಸುಕಿದಾಗ ಗೆರೆಗೆರೆಯಾಗಿ ಸೀಳಿದ್ದರೆ ಬದಲಾಯಿಸಿ. ಕೊಳ್ಳುವಾಗ 'ದೊಡ್ಡ ಸೈಕಲ್ ಟಯರ್' ಎನ್ನದೆ, ಬದಿಯಲ್ಲಿ 37-622 ಎಂಬಂತೆ ಅಚ್ಚಾಗಿರುವ ಸಂಖ್ಯೆಯನ್ನು ಬರೆದುಕೊಂಡು ಹೋಗಿ. ಮೊದಲನೆಯದು ಟಯರಿನ ಅಗಲ, ಎರಡನೆಯದು ಟಯರ್ ಕೂರುವ ರಿಮ್ಮಿನ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 700ಸಿ ಎಂದು ಬರೆದ ಟಯರೂ 29 ಇಂಚು ಎಂದು ಬರೆದ ಟಯರೂ ಕೂರುವುದು ಒಂದೇ 622ರ ರಿಮ್ಮಿಗೆ. ಇಂಚಿನ ಲೆಕ್ಕ ನಂಬಿದರೆ ಅಂಗಡಿಗೆ ಎರಡು ಸಲ ಓಡಾಡಬೇಕಾಗುತ್ತದೆ. ಎಷ್ಟು ಗಾಳಿ ತುಂಬಬೇಕೆಂಬುದೂ ಅದೇ ಬದಿಯಲ್ಲಿ ಪಿಎಸ್‌ಐ ಲೆಕ್ಕದಲ್ಲಿ ಇರುತ್ತದೆ.

ಚೈನಿಗೆ ಒಂದು ಅಡಿಪಟ್ಟಿ ಸಾಕು. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಸರಿಯಾಗಿ ಅರ್ಧ ಇಂಚು, ಅಂದರೆ 24 ಕೊಂಡಿಗೆ 12 ಇಂಚು. ಅದೇ 24 ಕೊಂಡಿ 12 ಇಂಚಿನ ಮೇಲೆ ಹದಿನಾರನೇ ಒಂದು ಇಂಚಿನಷ್ಟು ಹೆಚ್ಚು ತೋರಿಸಿದರೆ ಚೈನ್ ಸವೆದಿದೆ. ಎಂಟನೇ ಒಂದು ಇಂಚು ಹೆಚ್ಚಾಗಿದ್ದರೆ ಹಲ್ಲುಚಕ್ರವೂ ಸವೆದಿರುತ್ತದೆ. ಹೊಸ ಚೈನ್ ಮಾತ್ರ ಹಾಕಿಸಿದರೆ ಹಾರುತ್ತಲೇ ಇರುತ್ತದೆ. ಸವೆಯದಿದ್ದರೆ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಕೊಂಡಿಗೊಂದು ಹನಿಯಂತೆ ಎಣ್ಣೆ ಬಿಟ್ಟು, ಹೊರಗೆ ಉಳಿದ ಎಣ್ಣೆಯನ್ನು ಒರೆಸಿಬಿಡಿ. ಚೈನಿಗೆ ಎಣ್ಣೆ ಬೇಕಾಗುವುದು ಒಳಗೆ. ಹೊರಗೆ ಉಳಿದದ್ದು ಬೇಸಿಗೆಯ ಧೂಳನ್ನು ಹಿಡಿದು ಮರಳು ಕಾಗದದಂತೆ ಉಜ್ಜತೊಡಗುತ್ತದೆ.

ಮೊಣಕಾಲು ನೋವೆಂದು ಸೈಕಲ್ ಬಿಡುವವರಲ್ಲಿ ಬಹಳ ಮಂದಿಯ ಸೀಟು ತೀರಾ ಕೆಳಗಿರುತ್ತದೆ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಿ ನಿಲ್ಲಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತಕ್ಕಷ್ಟು ಮಡಿಚಿಕೊಳ್ಳುತ್ತದೆ. ಸೀಟಿನ ಮೇಲೆ ಕುಳಿತೇ ಎರಡೂ ಪಾದ ನೆಲಕ್ಕೆ ಊರುವಂತಿದ್ದರೆ ಕಲಿಯುವ ಮಕ್ಕಳಿಗೆ ಸರಿ, ದೂರ ಹೋಗುವವರಿಗಲ್ಲ.

ಇನ್ನು ಪಂಕ್ಚರ್. ನಮ್ಮ ದಾರಿಗಳಲ್ಲಿ ಜಾಲಿ ಮುಳ್ಳಿಗೆ ಬರವಿಲ್ಲ. ಅಂಗಡಿಗೆ ತಳ್ಳಿಕೊಂಡು ಹೋಗುವುದು ಸುಲಭವೇ. ಆದರೆ ಈ ಕೆಲಸ ಒಮ್ಮೆ ಕೈಗೆ ಬಂದರೆ ಊರಾಚೆ ಹೋಗಲು ಧೈರ್ಯ ಬರುತ್ತದೆ. ಟಯರಿನ ಒಂದು ಬದಿಯನ್ನು ಲಿವರ್‌ನಿಂದ ಎಬ್ಬಿಸಿ ಟ್ಯೂಬ್ ಹೊರಗೆಳೆಯಿರಿ. ಸ್ವಲ್ಪ ಗಾಳಿ ತುಂಬಿ ಬಕೆಟ್ ನೀರಿನಲ್ಲಿ ಇಷ್ಟಿಷ್ಟೇ ಮುಳುಗಿಸುತ್ತ ತಿರುಗಿಸಿದರೆ ಗುಳ್ಳೆ ಏಳುವ ಕಡೆ ತೂತು. ಅಲ್ಲಿ ಬಾಲ್‌ಪೆನ್ನಿನಿಂದ ಗುರುತು ಹಾಕಿ, ಒರೆಸಿ ಒಣಗಿಸಿ, ಮರಳು ಕಾಗದದಿಂದ ಮೇಲಿನ ಹೊಳಪು ಹೋಗುವವರೆಗೆ ಉಜ್ಜಿ. ಸೊಲ್ಯೂಷನ್ ತೆಳ್ಳಗೆ, ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಹಚ್ಚಿ ಕಾಯಿರಿ. ಇಲ್ಲೇ ಹೆಚ್ಚಿನವರು ಆತುರ ಪಡುವುದು. ಹಸಿ ಸೊಲ್ಯೂಷನ್ ಮೇಲೆ ಪ್ಯಾಚ್ ಕೂರಿಸಿದರೆ ಅದು ಜಾರುತ್ತದೆ. ಬೆರಳ ತುದಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ ಹಿಡಿದರೆ ಬಿಡುವುದಿಲ್ಲ. ಟ್ಯೂಬ್ ಒಳಗೆ ಹಾಕುವ ಮುನ್ನ ಟಯರಿನ ಒಳಮೈ ಮೇಲೆ ಸುತ್ತಲೂ ಜೋಪಾನವಾಗಿ ಬೆರಳಾಡಿಸಿ. ಮುಳ್ಳಿನ ತುದಿ ಅಲ್ಲೇ ಮುರಿದುಕೊಂಡಿದ್ದರೆ ಮುಂದಿನ ತಿರುವಿನಲ್ಲಿ ಮತ್ತೆ ಅದೇ ಕಥೆ.

ನೀರಿನ ಲೆಕ್ಕ ಹೀಗಿಟ್ಟುಕೊಳ್ಳಿ: ಗಂಟೆಗೆ ಅರ್ಧ ಲೀಟರ್, ಬೆವರು ಹೆಚ್ಚಾದರೆ ಇನ್ನೂ ಸ್ವಲ್ಪ. ಒಂದು ಗಂಟೆಯೊಳಗಿನ ಸವಾರಿಗೆ ಬರೀ ನೀರು ಸಾಕು. ಅದಕ್ಕೂ ಹೆಚ್ಚಾದರೆ ಓಆರ್‌ಎಸ್ ಪೊಟ್ಟಣ ಒಯ್ಯಿರಿ. ಪೊಟ್ಟಣ ಇಲ್ಲವೆಂದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ತಲೆ ಸವರಿದ ಅಳತೆ. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆಗಿಂತ ಒಳ್ಳೆಯದು ಬೇರೆ ಬೇಕಿಲ್ಲ.

ಎಲ್ಲಿಗೆ ಹೋಗುವುದು? ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಕೈಯಳತೆಯಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರ. ಊರಿನಿಂದ ಏರಬೇಕಾದದ್ದು ಹತ್ತಿರ ಹತ್ತಿರ 300 ಮೀಟರ್. ಗೇರ್ ಇಲ್ಲದ ಸೈಕಲ್ಲನ್ನು ತಳ್ಳಿಕೊಂಡು ಹೋಗುವುದರಲ್ಲಿ ನಾಚಿಕೆಯೇನಿಲ್ಲ. ಎಚ್ಚರ ಬೇಕಾದದ್ದು ಇಳಿಯುವಾಗ: ಬ್ರೇಕನ್ನು ಒತ್ತಿಯೇ ಹಿಡಿಯದೆ, ಮುಂದಿನದು ಹಿಂದಿನದು ಎರಡನ್ನೂ ಬಿಟ್ಟು ಬಿಟ್ಟು ಒತ್ತಿ. ಸಮತಟ್ಟು ದಾರಿ ಬೇಕೆಂದರೆ ಶ್ರೀರಂಗಪಟ್ಟಣ, ಅಲ್ಲಿಂದ ಮುಂದೆ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಆದರೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊಗಳಿಗೇ ಪ್ರವೇಶವಿಲ್ಲ, ಸೈಕಲ್ಲಿಗೂ ಇಲ್ಲ. ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕು. ಸ್ವಂತ ಸೈಕಲ್ ಇಲ್ಲದವರಿಗೆ ಮೈಸೂರಿನಲ್ಲಿ 2017ರಲ್ಲಿ ಶುರುವಾದ 'ಟ್ರಿಣ್ ಟ್ರಿಣ್' ಬಾಡಿಗೆ ಸೈಕಲ್ ವ್ಯವಸ್ಥೆ ಇದೆ; ಹತ್ತಿರದ ಕೇಂದ್ರದಲ್ಲಿ ಸೈಕಲ್ ಸಿಗುತ್ತದೆಯೇ ಎಂದು ವಿಚಾರಿಸಿಕೊಂಡು ಹೊರಡಿ.

ಬ್ಯಾಟರಿ ಸೈಕಲ್ಲಿನ ಆಸೆಯಿದ್ದವರಿಗೆ ಒಂದು ಮಾತು. ಮೋಟರ್ 250 ವ್ಯಾಟ್ ಮೀರದೆ, ವೇಗ ಗಂಟೆಗೆ 25 ಕಿ.ಮೀ. ದಾಟದೆ ಇದ್ದರೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. 'ಲಾಕ್ ತೆಗೆದರೆ ಐವತ್ತು ಓಡುತ್ತೆ ಸಾರ್' ಎನ್ನುವ ಅಂಗಡಿಯವರ ಮಾತಿಗೆ ತಲೆಯಾಡಿಸಬೇಡಿ. ಲಾಕ್ ತೆಗೆದ ಗಳಿಗೆಯಿಂದ ಅದು ನೋಂದಣಿಯಿಲ್ಲದ ಮೋಟಾರು ವಾಹನ.

ಮಧ್ಯಾಹ್ನ: ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ

ಊಟವಾದ ಮೇಲೆ ಹೊರಗೆ ಬಿಸಿಲು ಕಾಯುತ್ತಿರುವಾಗ ಕೂತು ಮಾಡುವ ಕೆಲಸಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಕಡಿಮೆ. ಮೊದಲ ಪ್ರಶ್ನೆ, ಯಾವ ಕ್ಯಾಸೆಟ್ಟು ಮೊದಲು? ಎಲ್ಲರೂ ಕೈಹಾಕುವುದು ಮುದ್ದಾದ ಹೊದಿಕೆಯ ಭಾವಗೀತೆ, ಭಕ್ತಿಗೀತೆ, ಸಿನಿಮಾ ಹಾಡಿನ ಕ್ಯಾಸೆಟ್ಟಿಗೆ. ಅವು ಕೊನೆಗಿರಲಿ. ಅವುಗಳಲ್ಲಿ ಬಹುಪಾಲು ಈಗ ಫೋನಿನಲ್ಲೇ ಸಿಗುತ್ತವೆ. ಬೇರೆಲ್ಲೂ ಸಿಗದಿರುವುದು ಮನೆಯಲ್ಲಿ ರೆಕಾರ್ಡ್ ಮಾಡಿದವು: ಅಜ್ಜಿ ಹೇಳಿದ ಸೋಬಾನೆ, ಅತ್ತೆಯ ಆರತಿ ಹಾಡು, ಮಗುವಿನ ತೊದಲು ಮಾತು, ಊರಿನ ಯಕ್ಷಗಾನ, ಪರದೇಶದಲ್ಲಿದ್ದವರು ಕಾಗದದ ಬದಲು ಮಾತಾಡಿ ಕಳಿಸಿದ ಕ್ಯಾಸೆಟ್ಟು. ಹೊದಿಕೆಯ ಮೇಲೆ ಬಾಲ್‌ಪೆನ್ನಿನ ಅಕ್ಷರ ಇರುವುದನ್ನೆಲ್ಲ ಒಂದು ಕಡೆ ಜೋಡಿಸಿ. ಕೆಲಸ ಅಲ್ಲಿಂದ ಶುರು.

ಡೆಕ್ಕಿಗೆ ಹಾಕುವ ಮುನ್ನ ಮೂರು ಕಡೆ ನೋಡಿ. ಒಂದು, ಕ್ಯಾಸೆಟ್ಟಿನ ಬೆನ್ನ ಮೇಲಿರುವ ಎರಡು ಪ್ಲಾಸ್ಟಿಕ್ ಚೂರು. ಅವನ್ನು ಮುರಿದುಬಿಟ್ಟರೆ ಯಾರಾದರೂ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಸಿಹೋಗುವುದಿಲ್ಲ. ಎರಡು, ಟೇಪಿನ ಹಿಂದೆ ಪಟ್ಟಿಯ ಮೇಲೆ ಕೂತ ಪುಟ್ಟ ಮೆತ್ತೆ. ಅದು ಉದುರಿದ್ದರೆ ದನಿ ಮಂಕಾಗುತ್ತದೆ. ಬೇರೆ ಕ್ಯಾಸೆಟ್ಟಿನಿಂದ ಕಿತ್ತು ಹಾಕಬಹುದು. ಮೂರು, ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ. ಅದು ಬೂಷ್ಟು. ಅಂಥದ್ದನ್ನು ಹಾಗೆಯೇ ಓಡಿಸಿದರೆ ಡೆಕ್ಕಿಗೂ ಹತ್ತಿ, ಮುಂದಿನ ಕ್ಯಾಸೆಟ್ಟಿಗೂ ಹಬ್ಬುತ್ತದೆ. ಬೇರೆ ತೆಗೆದಿಟ್ಟು, ಗೊತ್ತಿದ್ದವರ ಕೈಲಿ ಸ್ವಚ್ಛ ಮಾಡಿಸಿ.

ಡೆಕ್ಕಿನ ಹೆಡ್ಡನ್ನೂ ರಬ್ಬರ್ ಉರುಳೆಯನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಕಡ್ಡಿ ಬದಲಾಯಿಸುತ್ತಿರಿ. ವರ್ಷಗಟ್ಟಲೆ ಅಲುಗಾಡದ ಟೇಪನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಓಡಿಸಿ ಸಡಿಲ ಮಾಡಿಕೊಂಡು ಆಮೇಲೆ ನುಡಿಸಿ.

ಜೋಡಣೆಗೆ ಬೇಕಾದದ್ದು ಎರಡೂ ತುದಿಗೆ 3.5 ಮಿ.ಮೀ. ಪಿನ್ ಇರುವ ಒಂದು ಕೇಬಲ್. ಡೆಕ್ಕಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿನ ಲೈನ್-ಇನ್ ತೂತಿಗೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಲೈನ್-ಇನ್ ಇರುವುದು ಅಪರೂಪ. ಇರುವ ಒಂದೇ ತೂತು ಮೈಕಿಗೆಂದು ಮಾಡಿದ್ದು. ಅದಕ್ಕೆ ನೇರ ಸಿಕ್ಕಿಸಿದರೆ ಎಡಬಲ ಎರಡೂ ದನಿ ಸಿಗದೆ ಕಿವಿಗೆ ಬರೀ ಗರಗರ. ಲೈನ್-ಇನ್ ಇರುವ ಯುಎಸ್‌ಬಿ ಆಡಿಯೊ ಕಾರ್ಡ್ ಒಂದನ್ನು ತಂದರೆ ಈ ತೊಂದರೆ ಇಲ್ಲ. 'ಅಡಾಸಿಟಿ' ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, 44,100 ಹರ್ಟ್ಸ್, 16 ಬಿಟ್, ಸ್ಟೀರಿಯೊ ಎಂದು ಇಡಿ. ಹಾಡಿನಲ್ಲಿ ದನಿ ತೀರಾ ಏರುವ ಜಾಗ ಹುಡುಕಿ, ಅಲ್ಲಿ ಅಳತೆಪಟ್ಟಿ –6 ಡೆಸಿಬಲ್ ಸುಮಾರಿಗೆ ನಿಲ್ಲುವಂತೆ ವಾಲ್ಯೂಮ್ ಹೊಂದಿಸಿ. ಕೆಂಪಿಗೆ ಮುಟ್ಟಿದ ದನಿ ಒಡೆದದ್ದೇ. ಅದನ್ನು ಆಮೇಲೆ ಸರಿಮಾಡಲಾಗದು.

ಒಂದು ಬದಿಯನ್ನು ನಿಲ್ಲಿಸದೆ ಪೂರ್ತಿ ರೆಕಾರ್ಡ್ ಮಾಡಿ. ಸಿ-60 ಆದರೆ ಬದಿಗೆ ಅರ್ಧ ಗಂಟೆ, ಸಿ-90 ಆದರೆ ಮುಕ್ಕಾಲು ಗಂಟೆ. ಟೇಪು ನುಡಿಯುವ ವೇಗದಲ್ಲೇ ಕೆಲಸ ನಡೆಯುವುದು, ಅವಸರ ಮಾಡಲು ದಾರಿಯಿಲ್ಲ. ದಿನಕ್ಕೊಂದು ಬದಿ ಎಂದು ಗೊತ್ತುಮಾಡಿಕೊಂಡರೆ ಹತ್ತು ಕ್ಯಾಸೆಟ್ಟು ಮೂರು ವಾರದೊಳಗೆ ಮುಗಿದು, ಹೆಸರಿಡುವುದಕ್ಕೆ, ಕತ್ತರಿಸುವುದಕ್ಕೆ ಸಮಯ ಉಳಿಯುತ್ತದೆ. ಈ ಅಳತೆಯಲ್ಲಿ ವೇವ್ ಕಡತ ನಿಮಿಷಕ್ಕೆ ಹತ್ತು ಎಂಬಿಗಿಂತ ತುಸು ಹೆಚ್ಚು ಜಾಗ ತಿನ್ನುತ್ತದೆ; ಒಂದು ಸಿ-60ಗೆ ಸುಮಾರು 635 ಎಂಬಿ. ಮೂಲ ಕಡತವನ್ನು ಹಾಗೆಯೇ ಇಡಿ. ಬುಸುಗುಡುವ ಸದ್ದು ತೆಗೆಯುವುದು, ಕತ್ತರಿಸುವುದು ಎಲ್ಲ ನಕಲಿನ ಮೇಲೆ ನಡೆಯಲಿ. ಸದ್ದು ತೆಗೆಯುವ ಸೌಲಭ್ಯವನ್ನು ಅತಿಯಾಗಿ ಬಳಸಿದರೆ ಅಜ್ಜಿಯ ದನಿ ನೀರೊಳಗಿಂದ ಬಂದಂತೆ ಕೇಳಿಸುತ್ತದೆ; ಸ್ವಲ್ಪ ಬುಸುಬುಸು ಇದ್ದರೂ ಪರವಾಗಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನೆಂಟರಿಗೆ ಕಳಿಸಲು ಎಂಪಿ3 ಸಾಕು.

ಕಡತಕ್ಕೆ 'ಟ್ರ್ಯಾಕ್ 1' ಎಂಬ ಹೆಸರು ಬೇಡ. ವರ್ಷ, ಊರು, ಹಾಡಿದವರು, ಬದಿ ಇಷ್ಟಿರಲಿ. ದನಿ ಯಾರದೆಂದು ತಿಳಿಯದಿದ್ದರೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿಸಿ. ಅವರು ಹೇಳುವುದನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ. ಎಷ್ಟೋ ಸಲ ಹಾಡಿಗಿಂತ ಆ ವಿವರಣೆಯೇ ಬೆಲೆಯುಳ್ಳದ್ದು. ಎಲ್ಲ ಮುಗಿದ ಮೇಲೆ ಮೂರು ಪ್ರತಿ ಮಾಡಿ: ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲೋ ಕ್ಲೌಡ್‌ನಲ್ಲೋ.

ಹಕ್ಕಿನ ವಿಷಯ ಮರೆಯಬೇಡಿ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1978ರಲ್ಲಿ ಬಂದ 'ನಿತ್ಯೋತ್ಸವ' ಧ್ವನಿಸುರುಳಿಯ ಹಕ್ಕು 2038ರ ಕೊನೆಯವರೆಗೂ ಇರುತ್ತದೆ. ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟನ್ನು ನೀವು ಕೇಳುವುದಕ್ಕಷ್ಟೇ ಇಟ್ಟುಕೊಳ್ಳಿ, ಯೂಟ್ಯೂಬಿಗೆ ಏರಿಸಬೇಡಿ. ಮನೆಯ ಹಾಡುಗಳನ್ನಾದರೂ ಹಾಡಿದವರನ್ನೋ ಅವರ ಮಕ್ಕಳನ್ನೋ ಕೇಳಿಯೇ ಹಂಚಿ.

ಸಂಜೆ: ಆಧಾರ ಷಡ್ಜದಿಂದ ಮೊದಲ ಗೀತೆಯವರೆಗೆ

ಸಂಗೀತ ಕಲಿಯಲು ವಯಸ್ಸು ಮೀರಿತು ಎನ್ನುವವರಿಗೆ ಪುರಂದರದಾಸರು ಹಾಕಿಕೊಟ್ಟದ್ದೆಂದು ಹೇಳುವ ಪಾಠದ ಕ್ರಮವೇ ಉತ್ತರ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆಗಳು. ವರಸೆಗಳೆಲ್ಲ 15ನೇ ಮೇಳವಾದ ಮಾಯಾಮಾಳವಗೌಳದಲ್ಲಿ. ಈ ರಾಗವನ್ನೇ ಆರಿಸಿದ್ದಕ್ಕೆ ಒಂದು ಅನುಕೂಲ ಎದ್ದು ಕಾಣುತ್ತದೆ: ಸರಿಗಮದ ನಡುವಿನ ಅಂತರಗಳೇ ಪದನಿಸದ ನಡುವೆಯೂ ಬರುತ್ತವೆ. ಕೆಳಗಿನ ಅರ್ಧ ಗಂಟಲಿಗೆ ಹತ್ತಿದರೆ ಮೇಲಿನ ಅರ್ಧಕ್ಕೆ ದಾರಿ ಗೊತ್ತಿರುತ್ತದೆ. ಮಲಹರಿಯೂ ಇದೇ ಮೇಳದ ಮಗಳು. ವರಸೆ ಹಾಡಿದವರಿಗೆ ಗೀತೆಯಲ್ಲಿ ಹೊಸ ಸ್ವರವೇನೂ ಎದುರಾಗುವುದಿಲ್ಲ.

ಮೊದಲ ವಾರ ನಿಮ್ಮ ಶ್ರುತಿ ಕಂಡುಕೊಳ್ಳಿ. ಸಾಮಾನ್ಯವಾಗಿ ಗಂಡಸರಿಗೆ ಒಂದರಿಂದ ಎರಡು ಮನೆ, ಹೆಂಗಸರಿಗೆ ಐದರಿಂದ ಆರು ಮನೆಯ ಆಸುಪಾಸು. ಮಂದ್ರದ ಪಂಚಮಕ್ಕೆ ಇಳಿದಾಗ ದನಿ ಗಾಳಿಯಾಗಬಾರದು, ತಾರದ ಷಡ್ಜದಾಚೆ ಏರಿದಾಗ ಕಿರುಚಬಾರದು. ಇಲ್ಲಿ ಫೋನು ಕೆಲಸಕ್ಕೆ ಬರುತ್ತದೆ. ತಂಬೂರಿ ಆ್ಯಪ್ ಹಾಕಿಕೊಂಡು ಒಂದೇ ಉಸಿರಿನಲ್ಲಿ ಷಡ್ಜ ಹಿಡಿದು ನಿಲ್ಲಿ. ಇನ್ನೊಂದು ದಿನ ತಂಬೂರಿ ನಿಲ್ಲಿಸಿ, ಟ್ಯೂನರ್ ಆ್ಯಪ್ ಎದುರು ಹಾಡಿ. ಒಂದು ಮನೆ ಶ್ರುತಿಯ ಗಂಡಸರಿಗೆ ಮುಳ್ಳು 131 ಹರ್ಟ್ಸ್ ಸುಮಾರಿಗೆ, ಐದೂವರೆ ಮನೆಯ ಹೆಂಗಸರಿಗೆ 208ರ ಸುಮಾರಿಗೆ ನಿಲ್ಲಬೇಕು. ಉಸಿರು ಮುಗಿಯುತ್ತಾ ಬಂದಾಗ ಮುಳ್ಳು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಆದರೆ ಇದು ವಾರಕ್ಕೊಮ್ಮೆ ಮಾಡುವ ತಪಾಸಣೆ ಮಾತ್ರ. ಮುಳ್ಳು ನೋಡಿಕೊಂಡು ಹಾಡುವುದೇ ರೂಢಿಯಾದರೆ ಕಿವಿ ಸೋಮಾರಿಯಾಗುತ್ತದೆ.

ಆದಿತಾಳ ಹಾಕುವುದನ್ನು ಮೊದಲ ದಿನವೇ ಕೈಗೆ ಕಲಿಸಿ: ತೊಡೆಯ ಮೇಲೆ ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳಿನ ಎಣಿಕೆ, ನಂತರ ಪೆಟ್ಟು, ಅಂಗೈ ತಿರುವು, ಪೆಟ್ಟು, ಅಂಗೈ ತಿರುವು. ಒಟ್ಟು ಎಂಟು. ಮೊದಲ ಕಾಲದಲ್ಲಿ ಎಣಿಕೆಗೊಂದು ಸ್ವರ, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ನಾಲ್ಕು. ಕೈಯ ವೇಗ ಮಾತ್ರ ಬದಲಾಗಬಾರದು. ಎರಡನೇ ಕಾಲಕ್ಕೆ ಹೋದಾಗ ಕೈಯೂ ಓಡತೊಡಗಿದರೆ ಮತ್ತೆ ಮೊದಲ ಕಾಲಕ್ಕೇ ಬನ್ನಿ.

ಧಾರವಾಡ, ಹುಬ್ಬಳ್ಳಿ ಕಡೆಯವರು ಹಿಂದೂಸ್ತಾನಿಯಲ್ಲಿ ಭೂಪ್‌ನ ಅಲಂಕಾರಗಳಿಂದ ಶುರುಮಾಡಬಹುದು. ಯಾವುದಾದರೂ ವಾರಕ್ಕೊಂದು ಸಲವಾದರೂ ಗುರುಗಳ ಎದುರು ಕೂರುವುದು ಒಳ್ಳೆಯದು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರ ಮಕ್ಕಳು ಈಗ ಇಲ್ಲಿನ ಮೇಷ್ಟ್ರಿಂದ ವಿಡಿಯೊ ಕರೆಯಲ್ಲಿ ಪಾಠ ಹೇಳಿಸಿಕೊಳ್ಳುತ್ತಾರೆ. ಅಂಥವರು ಎರಡು ವಿಷಯ ಗಮನಿಸಬೇಕು. ದನಿ ತಲುಪಲು ತುಸು ತಡವಾಗುವುದರಿಂದ ಇಬ್ಬರೂ ಒಟ್ಟಿಗೆ ಹಾಡಲಾಗದು; ಗುರುಗಳು ಹೇಳಿದ ಮೇಲೆ ಶಿಷ್ಯರು ಹೇಳಬೇಕು. ಜೊತೆಗೆ ವಿಡಿಯೊ ಕರೆಯ ಆ್ಯಪ್‌ಗಳು ಮಾತನ್ನು ಉಳಿಸಿ ಮಿಕ್ಕಿದ್ದನ್ನು ಗದ್ದಲವೆಂದು ಅಳಿಸುತ್ತವೆ. ಅವುಗಳ ಲೆಕ್ಕದಲ್ಲಿ ತಂಬೂರಿಯೂ ಗದ್ದಲವೇ. ಸೆಟ್ಟಿಂಗ್ಸ್‌ಗೆ ಹೋಗಿ ಗದ್ದಲ ತಡೆಯುವ ಆಯ್ಕೆಯನ್ನು ಆಫ್ ಮಾಡಿದರೆ ಶ್ರುತಿ ಕೇಳಿಸುತ್ತದೆ.

ಹಾಡುವಷ್ಟೇ ಕೇಳುವುದೂ ಮುಖ್ಯ, ಅದಕ್ಕೆ ಬೇಸಿಗೆಯಂಥ ಕಾಲವಿಲ್ಲ. ಬೆಂಗಳೂರಿನ ಶ್ರೀರಾಮಸೇವಾ ಮಂಡಳಿ 1939ರಿಂದ ರಾಮನವಮಿಗೆ ತಿಂಗಳುಗಟ್ಟಲೆ ಕಛೇರಿ ನಡೆಸುತ್ತ ಬಂದಿದೆ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ಪೆಂಡಾಲು ರಸಿಕರಿಗೆ ಹೊಸದಲ್ಲ. ಪಾನಕ, ಕೋಸಂಬರಿಯ ಜೊತೆ ಸಂಗೀತವನ್ನೂ ಕೊಡುವ ರಾಮೋತ್ಸವಗಳು ಬಡಾವಣೆ ಬಡಾವಣೆಗಳಲ್ಲಿ ಇವೆ. ಹೊಸಬರು ಕಛೇರಿಯ ಕ್ರಮ ತಿಳಿದು ಹೋದರೆ ಬೇಸರವಾಗದು. ಮೊದಲು ವರ್ಣ, ಆಮೇಲೆ ಕೃತಿಗಳು, ನಡುವೆ ಒಂದು ರಾಗದ ವಿಸ್ತಾರ, ಅದರ ಕೊನೆಗೆ ಮೃದಂಗದವರ ತನಿ ಆವರ್ತನ, ಬಳಿಕ ದೇವರನಾಮ, ತಿಲ್ಲಾನ, ಮಂಗಳ. ಎಲ್ಲರೂ ಕಾಫಿಗೆ ಏಳುವ ತನಿ ಆವರ್ತನದ ಹೊತ್ತಿಗೆ ನೀವು ಏಳಬೇಡಿ. ಕಲಿತ ಆದಿತಾಳವನ್ನು ತೊಡೆಯ ಮೇಲೆ ಮೆಲ್ಲಗೆ ಹಾಕುತ್ತ ಕೂತರೆ ಅದಕ್ಕಿಂತ ಒಳ್ಳೆಯ ಲಯದ ಪಾಠ ಇನ್ನೊಂದಿಲ್ಲ.

ಕಛೇರಿಗೆ ಹೋಗಲಾಗದ ಊರುಗಳಿಗೆ ಆಕಾಶವಾಣಿ ಇದೆ. ಆ ಹೆಸರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ 1935ರಲ್ಲಿ ಖಾಸಗಿಯಾಗಿ ಬಾನುಲಿ ಶುರುಮಾಡಿದ್ದನ್ನು ಮೈಸೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಶಾಸ್ತ್ರೀಯ ಸಂಗೀತಕ್ಕೆಂದೇ ಇರುವ 'ರಾಗಂ' ವಾಹಿನಿ 2016ರ ಜನವರಿ 26ರಂದು ಬೆಂಗಳೂರಿನಿಂದ ಆರಂಭವಾಯಿತು. ಆಕಾಶವಾಣಿಯ ಆ್ಯಪ್‌ನಲ್ಲಿ ಕೇಳಬಹುದು. ಎಫ್‌ಎಂ ಇರುವ ಹಳೆಯ ಫೋನ್ ಇದ್ದರೆ ಇಂಟರ್ನೆಟ್ಟೂ ಬೇಡ. ಆದರೆ ತಂತಿಯ ಇಯರ್‌ಫೋನ್ ಸಿಕ್ಕಿಸಲೇಬೇಕು, ಏಕೆಂದರೆ ಆ ತಂತಿಯೇ ಆಂಟೆನಾ.

ಮೂರಕ್ಕೂ ಗಂಟು ಹಾಕುವುದು

ಮೂರೂ ಬೇರೆ ಬೇರೆಯಾಗಿ ನಡೆದರೆ ಮೂರು ಹೊರೆ. ಭಾನುವಾರಗಳನ್ನು ಈ ಗಂಟಿಗೆ ಮೀಸಲಿಡಿ.

ಬೆಳಗಿನ ಸವಾರಿಯಲ್ಲಿ ನಕ್ಷೆ ಮಾಡಿ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಉಚಿತ ಭೂಪಟ. ನಿಮ್ಮ ಬಡಾವಣೆಯ ಅರಳಿಕಟ್ಟೆ, ಪಂಕ್ಚರ್ ಅಂಗಡಿ, ಕುಡಿಯುವ ನೀರಿನ ನಲ್ಲಿ ಅದರಲ್ಲಿ ಇರಲಾರದು. ಇದ್ದರೂ ಕನ್ನಡದಲ್ಲಿ ಹೆಸರಿರಲಾರದು. ಕನ್ನಡದ ಹೆಸರಿಗೆಂದೇ ಅಲ್ಲಿ ಪ್ರತ್ಯೇಕ ಜಾಗವಿದೆ. ಆಂಡ್ರಾಯ್ಡ್ ಫೋನಿನಲ್ಲಿ 'ಸ್ಟ್ರೀಟ್‌ಕಂಪ್ಲೀಟ್' ಆ್ಯಪ್ ಹಾಕಿಕೊಂಡರೆ ಅದು ಸಣ್ಣ ಸಣ್ಣ ಪ್ರಶ್ನೆ ಕೇಳುತ್ತದೆ: ಈ ರಸ್ತೆ ಡಾಂಬರೋ ಮಣ್ಣೋ, ದೀಪ ಇದೆಯೋ ಇಲ್ಲವೋ. ಸೈಕಲ್ ನಿಲ್ಲಿಸಿ, ನೋಡಿ, ಉತ್ತರ ಒತ್ತಿದರೆ ಭೂಪಟ ತಿದ್ದಿಕೊಳ್ಳುತ್ತದೆ. ಬೇರೆ ಕಂಪನಿಗಳ ನಕ್ಷೆ ನೋಡಿ ನಕಲು ಮಾಡುವಂತಿಲ್ಲ, ಕಣ್ಣಾರೆ ಕಂಡದ್ದನ್ನೇ ಬರೆಯಬೇಕು. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ರಜೆಯ ಕೆಲಸ ಸಿಗಲಾರದು.

ಸವಾರಿಯಲ್ಲಿ ಕಿವಿಗೆ ಇಯರ್‌ಫೋನ್ ಬೇಡ. ಹಿಂದಿನಿಂದ ಬರುವ ಬಸ್ಸನ್ನು ಸೈಕಲ್ ಸವಾರ ಮೊದಲು ತಿಳಿಯುವುದು ಕಿವಿಯಿಂದಲೇ. ಫೋನು ಹ್ಯಾಂಡಲ್ ಮೇಲಿನ ಬಿಸಿಲಿಗಿಂತ ಚೀಲದ ನೆರಳಿನಲ್ಲಿರಲಿ. ಪರದೆ ಆರಿಸಿಟ್ಟರೂ ಜಿಪಿಎಸ್ ದಾರಿಯನ್ನು ಬರೆದುಕೊಳ್ಳುತ್ತದೆ, ಬ್ಯಾಟರಿಯೂ ಬಿಸಿಯಾಗದು.

ಮಧ್ಯಾಹ್ನ ಕ್ಯಾಸೆಟ್ಟಿನಿಂದ ಇಳಿಸಿದ ಹಾಡು ಸಂಜೆಯ ಪಾಠವಾಗಲಿ. ಅಜ್ಜಿಯ ಆರತಿ ಹಾಡಿನ ಶ್ರುತಿ ಎಷ್ಟು ಮನೆ ಎಂದು ಟ್ಯೂನರಿನಲ್ಲಿ ನೋಡಿ, ತಂಬೂರಿ ಆ್ಯಪನ್ನು ಅದಕ್ಕೆ ಹೊಂದಿಸಿ, ಜೊತೆಗೆ ಹಾಡಿ. ಅಡಾಸಿಟಿಯಲ್ಲಿ ಶ್ರುತಿ ಬದಲಾಗದಂತೆ ವೇಗ ಮಾತ್ರ ಕಡಿಮೆ ಮಾಡಬಹುದು. ಗಮಕದ ತಿರುವು ಆಗ ಸ್ಪಷ್ಟವಾಗಿ ಕೇಳಿಸುತ್ತದೆ. ಆಯಾ ಹಾಡಿನ ಸಾಹಿತ್ಯವನ್ನು ಕನ್ನಡದಲ್ಲಿ ಟೈಪ್ ಮಾಡಿ ಕಡತದ ಜೊತೆಗಿಟ್ಟರೆ ಮುಂದಿನವರಿಗೆ ಪದಗಳು ದಕ್ಕುತ್ತವೆ. ಸಂಜೆಯ ಕಛೇರಿ ನಾಲ್ಕೈದು ಕಿ.ಮೀ. ಒಳಗಿದ್ದರೆ ಸೈಕಲ್ಲಿನಲ್ಲೇ ಹೋಗಿ. ಪಾರ್ಕಿಂಗ್ ತಲೆನೋವಿಲ್ಲ, ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಮಾತ್ರ ತಪ್ಪದೆ ಇರಲಿ.

ಜೂನ್ ಬಂದಾಗ

ಮಳೆ ಹಿಡಿಯುವ ಮುಂಚೆ ಚೈನಿಗೆ ಇನ್ನೊಮ್ಮೆ ಎಣ್ಣೆ ಬಿಟ್ಟು, ಬ್ರೇಕಿನ ರಬ್ಬರ್ ನೋಡಿಸಿ. ಒದ್ದೆ ರಿಮ್ಮಿನ ಮೇಲೆ ಬ್ರೇಕ್ ತಡವಾಗಿ ಹಿಡಿಯುತ್ತದೆ. ಸೈಕಲ್ ನಿಲ್ಲಿಸಿಡುವುದಾದರೂ ಟಯರಿನ ಗಾಳಿ ತೆಗೆಯಬೇಡಿ. ಕ್ಯಾಸೆಟ್ಟುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ನಿಲ್ಲಿಸಿಡಿ. ಸ್ಪೀಕರಿನ ಒಳಗೆ ಅಯಸ್ಕಾಂತವಿರುವುದರಿಂದ ಅದರ ಪಕ್ಕ ಬೇಡ.

ಶಾಲೆ, ಆಫೀಸು ಶುರುವಾದ ಮೇಲೆ ಮೂರೂ ಇದೇ ಹದದಲ್ಲಿ ನಡೆಯಲಾರವು. ಯಾವುದನ್ನು ಯಾರೂ ನೆನಪಿಸದೆಯೇ ಮಾಡಿದಿರೋ ಅದು ನಿಮ್ಮದು, ಅದನ್ನು ದಿನವೂ ಇಟ್ಟುಕೊಳ್ಳಿ. ಉಳಿದದ್ದಕ್ಕೆ ವಾರಕ್ಕೊಂದು ದಿನ ಸಾಕು. ಸೈಕಲ್ ಮುಂದಿನ ವರ್ಷವೂ ಓಡುತ್ತದೆ, ಸರಳೆ ವರಸೆಯೂ ಎಲ್ಲಿಗೂ ಹೋಗುವುದಿಲ್ಲ. ಕ್ಯಾಸೆಟ್ಟಿನ ಕೆಲಸವನ್ನು ಮಾತ್ರ ಮುಂದಿನ ಬೇಸಿಗೆಗೆ ದೂಡಬೇಡಿ. ಟೇಪು ಹಳೆಯದಾಗುತ್ತಿದೆ, ಡೆಕ್ ರಿಪೇರಿ ಮಾಡುವ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತಿವೆ, ದನಿ ಯಾರದೆಂದು ಗುರುತು ಹಿಡಿಯುವವರಿಗೂ ವಯಸ್ಸಾಗುತ್ತಿದೆ. ಏಳು ವಾರದಲ್ಲಿ ಒಂದೇ ಕೆಲಸಕ್ಕೆ ಸಮಯವಿದೆ ಎನ್ನುವವರು ಇದನ್ನೇ ಆರಿಸಿಕೊಳ್ಳಿ.